ಕೆಮಾಲ್ ಅತಾತುರ್ಕ್

ಆಟೊಮನ್ ಸಾಮ್ರಾಜ್ಯಕ್ಕೆ ಸೇರಿದ್ದ ಸಲೋನಿಕಾ ಪಟ್ಟಣದಲ್ಲಿ 1881ರಲ್ಲಿ ಮುಸ್ತಫಾ ಜನಿಸಿದನು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವನು ಸೈನಿಕ ಶಾಲೆಯನ್ನು ಸೇರಿದನು. ಅಲ್ಲಿನ ಗಣಿತದ ಉಪಾಧ್ಯಾಯರು ಅವನ ಜಾಣ್ಮೆಗೆ ಮೆಚ್ಚಿ ಕೆಮಾಲ್ ಎಂಬ ಹೆಸರನ್ನು ಜೋಡಿಸಿದರಂತೆ.

1915ರ ಗಲ್ಲಿಪೋಲಿ ಯುದ್ಧದಲ್ಲಿ ಅವನ ಕೀರ್ತಿ ಹಬ್ಬಿತು. ಮೊದಲನೆಯ ಮಹಾಯುದ್ಧದಲ್ಲಿ ಸೋತ ಸಾಮ್ರಾಜ್ಯವನ್ನು ಗೆದ್ದ ರಾಷ್ಟ್ರಗಳು ಹಂಚಿಕೊಳ್ಳತೊಡಗಿದಾಗ, ಕೆಮಾಲನು ಜನರನ್ನು ಸಂಘಟಿಸಿ ಹೋರಾಡಿದನು. 1923ರಲ್ಲಿ ತುರ್ಕಿ ಗಣರಾಜ್ಯವಾಯಿತು. ಅವನೇ ಮೊದಲ ಅಧ್ಯಕ್ಷನಾದನು. ಮರುವರ್ಷ ಖಲೀಫನ ಪದವಿಯೇ ರದ್ದಾಯಿತು. ಅದರ ಉಳಿವಿಗಾಗಿ ಭಾರತದಲ್ಲಿ ಖಿಲಾಫತ್ ಚಳವಳಿಯನ್ನು ನಡೆಸಿದ್ದವರಿಗೆ ಇದೊಂದು ದೊಡ್ಡ ಆಘಾತ.

ಅವನ ಸುಧಾರಣೆಗಳಲ್ಲಿ ಮನೆಮನೆಯನ್ನೂ ಮುಟ್ಟಿದುದು ಲಿಪಿಯ ಬದಲಾವಣೆ. ಅದುವರೆಗೆ ತುರ್ಕಿ ಭಾಷೆಯನ್ನು ಅರಬ್ಬೀ ಲಿಪಿಯಲ್ಲಿ ಬರೆಯುತ್ತಿದ್ದರು. ಸ್ವರಗಳು ಹೇರಳವಾಗಿರುವ ಆ ಭಾಷೆಗೆ ಈ ಲಿಪಿ ಸರಿಯಾಗಿ ಒಗ್ಗಿರಲಿಲ್ಲ. ಓದುಬರಹ ಬಲ್ಲವರೂ ವಿರಳ. 1928ರಲ್ಲಿ 29 ಅಕ್ಷರಗಳ ಲ್ಯಾಟಿನ್ ವರ್ಣಮಾಲೆ ಜಾರಿಗೆ ಬಂದಿತು. ರಾಷ್ಟ್ರಾಧ್ಯಕ್ಷನೇ ಸೀಮೆಸುಣ್ಣ ಹಿಡಿದು ಊರೂರುಗಳಲ್ಲಿ ಕರಿಹಲಗೆಯ ಮುಂದೆ ನಿಂತನು. ಕಾನೂನು ಬಂದ ತಿಂಗಳೊಪ್ಪತ್ತಿನಲ್ಲಿಯೇ ಪತ್ರಿಕೆಗಳೆಲ್ಲ ಹೊಸ ಲಿಪಿಗೆ ತಿರುಗಿದವು. ಲಕ್ಷಾಂತರ ವಯಸ್ಕರು ಅಕ್ಷರ ಕಲಿತರು. ಆದರೆ ಶಾಲೆಯ ಮಕ್ಕಳಿಗೆ ಅಜ್ಜನು ಬರೆದಿಟ್ಟ ಕಾಗದವನ್ನು ಓದಲಾಗದಂತಾಯಿತು. ಈ ನಷ್ಟವೂ ಸಣ್ಣದಲ್ಲ.

ವಿರೋಧ ಪಕ್ಷಗಳನ್ನು ಅವನ ಆಡಳಿತ ಬಹುಕಾಲ ಸಹಿಸಲಿಲ್ಲ. ಆದರೂ 1934ರಲ್ಲಿ ಸ್ತ್ರೀಯರಿಗೆ ಸಂಸತ್ತಿನ ಚುನಾವಣೆಯಲ್ಲಿ ಮತಾಧಿಕಾರ ದೊರೆಯಿತು. ತುರ್ಕರ ತಂದೆ ಎಂಬರ್ಥದ ಅತಾತುರ್ಕ್ ಎಂಬ ಹೆಸರನ್ನು ಸಂಸತ್ತು ಅವನಿಗೆ ಅರ್ಪಿಸಿದ್ದು ಆ ವರ್ಷವೇ. 1938ರ ನವೆಂಬರ್ 10ರಂದು ಅವನು ಇಸ್ತಾಂಬುಲ್‌ನಲ್ಲಿ ಕಾಲವಾದನು. ತನ್ನ ಬ್ಯಾಂಕು ಷೇರುಗಳ ಆದಾಯದಲ್ಲಿ ಬಹುಪಾಲನ್ನು ತುರ್ಕಿಯ ಭಾಷಾ ಸಂಸ್ಥೆಗೂ ಇತಿಹಾಸ ಸಂಸ್ಥೆಗೂ ಬರೆದಿಟ್ಟಿದ್ದನು.