46ಕ್ಕೆ ಪ್ರೊಫೆಸರ್ ಆದ ಹೆಗೆಲ್

ಜರ್ಮನಿಯ ಹೆಗೆಲ್‌ನ ತತ್ವಶಾಸ್ತ್ರ ಬಿ.ಇ. ಓದುವ ನನಗೆ ಪೂರ್ತಿ ದಕ್ಕಿದೆ ಎನ್ನಲಾರೆ. ಆದರೆ ಅವನು ನೌಕರಿಗಾಗಿ ಅಲೆದ ಕಥೆ ಚೆನ್ನಾಗಿ ಅರ್ಥವಾಯಿತು. ಕೊನೆಯ ವರ್ಷದೊಳಗೆ ಆಫರ್ ಲೆಟರ್ ಬರದಿದ್ದರೆ ಬದುಕೇ ಮುಗಿಯಿತು ಎಂದು ನಾವು ಕೂತಿರುತ್ತೇವೆ. ಈ ಮಹಾಶಯನಿಗೆ ಸರಿಯಾದ ಸಂಬಳದ ಪ್ರೊಫೆಸರ್ ಹುದ್ದೆ ಸಿಕ್ಕಿದ್ದು 1816ರಲ್ಲಿ. ಆಗ ವಯಸ್ಸು 46!

ಹುಟ್ಟಿದ್ದು 1770ರಲ್ಲಿ, ಸ್ಟುಟ್‌ಗಾರ್ಟ್‌ನಲ್ಲಿ. ಟ್ಯೂಬಿಂಗನ್‌ನಲ್ಲಿ ಧರ್ಮಶಾಸ್ತ್ರ ಓದಿದರೂ ಪಾದ್ರಿಯಾಗಲಿಲ್ಲ. ಬರ್ನ್, ಫ್ರಾಂಕ್‌ಫರ್ಟ್‌ಗಳಲ್ಲಿ ಶ್ರೀಮಂತರ ಮಕ್ಕಳಿಗೆ ಮನೆಪಾಠ ಹೇಳುತ್ತಾ ಸುಮಾರು ಏಳು ವರ್ಷ ಕಳೆದ. ಅಷ್ಟರಲ್ಲಿ ಹಾಸ್ಟೆಲಿನ ಗೆಳೆಯ ಷೆಲಿಂಗ್, ಐದು ವರ್ಷ ಚಿಕ್ಕವನು, 23ಕ್ಕೇ ಯೇನಾದಲ್ಲಿ ಪ್ರೊಫೆಸರ್ ಆಗಿದ್ದ. 1801ರಲ್ಲಿ ಅಪ್ಪ ಬಿಟ್ಟುಹೋದ ಅಲ್ಪ ಹಣ ನಂಬಿಕೊಂಡು ಹೆಗೆಲ್ ಕೂಡ ಯೇನಾಕ್ಕೆ ಹೋದ. ಪಾಠ ಮಾಡಲು ಅನುಮತಿ ಸಿಕ್ಕಿತು, ಸಂಬಳ ಇಲ್ಲ. ಕ್ಲಾಸಿಗೆ ಬಂದವರು ಕೊಡುವ ಫೀಸೇ ಗಳಿಕೆ. ನಮ್ಮ ಅತಿಥಿ ಉಪನ್ಯಾಸಕರೇ ವಾಸಿ! 1805ರಲ್ಲಿ ಪ್ರೊಫೆಸರ್ ಎಂಬ ಹೆಸರೇನೋ ಬಂತು. ಮರುವರ್ಷ ಗೊತ್ತಾದ ಸಂಬಳ ವರ್ಷಕ್ಕೆ 100 ಥಾಲರ್. ಅದರಲ್ಲಿ ಹೊಟ್ಟೆ ಹೊರೆಯುವುದೂ ಕಷ್ಟ.

ಆ ದಿನಗಳಲ್ಲೇ ಅವನು ‘ಫಿನಾಮಿನಾಲಜಿ ಆಫ್ ಸ್ಪಿರಿಟ್’ ಬರೆದ. ಅದರಲ್ಲಿ ಒಡೆಯ ಮತ್ತು ಆಳಿನ ಪ್ರಸಂಗವೊಂದಿದೆ. ಇಬ್ಬರು ಎದುರಾಗುತ್ತಾರೆ. ಪ್ರತಿಯೊಬ್ಬನಿಗೂ ಮತ್ತೊಬ್ಬ ತನ್ನನ್ನು ಮಾನ್ಯ ಮಾಡಬೇಕು. ಹೋರಾಟದಲ್ಲಿ ಸಾವಿಗೆ ಹೆದರಿದವನು ಆಳಾಗುತ್ತಾನೆ. ಒಡೆಯನಿಗೆ ನಮಸ್ಕಾರವೇನೋ ಸಿಗುತ್ತದೆ. ಆದರೆ ತಾನು ಮನುಷ್ಯನೆಂದೇ ಎಣಿಸದವನಿಂದ ಬಂದ ನಮಸ್ಕಾರಕ್ಕೆ ಬೆಲೆ ಎಲ್ಲಿ? ಇತ್ತ ಆಳು ದುಡಿಯುತ್ತಾನೆ, ವಸ್ತುಗಳಿಗೆ ರೂಪ ಕೊಡುತ್ತಾನೆ, ತಾನು ಮಾಡಿದ್ದರಲ್ಲಿ ತನ್ನನ್ನೇ ಕಾಣುತ್ತಾನೆ. ಇದನ್ನು ಬರೆದವನಿಗೇ ಮಾನ್ಯತೆ ಇರಲಿಲ್ಲ ಎಂಬುದನ್ನು ಮರೆತು ಓದಲು ನನಗಾಗುವುದಿಲ್ಲ. ಹಾಗೆಂದು ಕೆಲಸದ ತೃಪ್ತಿಯೇ ಸಾಕೆಂದು ಅವನು ಸುಮ್ಮನೆ ಕೂರಲಿಲ್ಲ. ವಿಶ್ವವಿದ್ಯಾಲಯದ ಹುದ್ದೆಗಾಗಿ ಗೆಳೆಯ ನೀತ್‌ಹಾಮರ್‌ಗೆ ವರ್ಷಗಟ್ಟಲೆ ಪತ್ರ ಬರೆದ. ಅದೇ ನನಗೆ ಹಿಡಿಸಿದ್ದು.

1806ರ ಅಕ್ಟೋಬರ್‌ನಲ್ಲಿ ಹಸ್ತಪ್ರತಿ ಕಳಿಸುವ ಹೊತ್ತಿಗೆ ನೆಪೋಲಿಯನ್ನನ ಸೇನೆ ಯೇನಾಕ್ಕೆ ನುಗ್ಗಿತು. ಟಪಾಲಿನಲ್ಲಿ ಹಾಳೆಗಳು ಕಳೆದುಹೋದಾವೆಂಬ ಭಯ ಬೇರೆ. 1807ರಲ್ಲಿ ಪುಸ್ತಕ ಬಂದಾಗ ಲೇಖಕ ಬ್ಯಾಂಬರ್ಗ್‌ನಲ್ಲಿ ಪತ್ರಿಕೆಯೊಂದರ ಸಂಪಾದಕ! ಮರುವರ್ಷ ನ್ಯೂರೆಂಬರ್ಗ್‌ನಲ್ಲಿ ಹೈಸ್ಕೂಲ್ ಹೆಡ್‌ಮಾಸ್ಟರ್. ಸಂಬಳ ತಡವಾಗುತ್ತಿತ್ತು. ಶಾಲೆಯಲ್ಲಿ ಶೌಚಾಲಯವಿಲ್ಲ ಎಂದೂ ದೂರು ಬರೆಯಬೇಕಾಯಿತು. ಅಲ್ಲಿದ್ದ ಎಂಟು ವರ್ಷಗಳಲ್ಲೇ ‘ಸೈನ್ಸ್ ಆಫ್ ಲಾಜಿಕ್’ ಪೂರ್ತಿ ಪ್ರಕಟಿಸಿದ.

ಕೊನೆಗೂ ಹೈಡೆಲ್‌ಬರ್ಗ್ ಕರೆಯಿತು. ಮೊದಮೊದಲು ಒಂದು ತರಗತಿಗೆ ಬಂದವರು ನಾಲ್ಕೇ ಜನ. 1818ರಲ್ಲಿ ಬರ್ಲಿನ್‌ಗೆ ಹೋದ. ಮಾತು ತಡವರಿಸುತ್ತಿತ್ತು, ನಡುನಡುವೆ ಕೆಮ್ಮು, ಬಾಯಲ್ಲಿ ಊರಿನ ಉಚ್ಚಾರಣೆ. ಗ್ರೂಪ್ ಡಿಸ್ಕಷನ್ ಇದ್ದಿದ್ದರೆ ಫೇಲ್ ಆಗುತ್ತಿದ್ದನೇನೋ! ಆದರೂ ಹಾಲ್ ತುಂಬುತ್ತಿತ್ತು. ಶೋಪೆನ್‌ಹಾವರ್ ಬೇಕೆಂದೇ ಅದೇ ಗಂಟೆಗೆ ತನ್ನ ಕ್ಲಾಸ್ ಇಟ್ಟುಕೊಂಡು ಖಾಲಿ ಬೆಂಚುಗಳನ್ನು ನೋಡಬೇಕಾಯಿತು.

1829ರಲ್ಲಿ ಹೆಗೆಲ್ ಅದೇ ವಿಶ್ವವಿದ್ಯಾಲಯದ ಮುಖ್ಯಸ್ಥನಾದ. 1831ರ ನವೆಂಬರ್ 14ರಂದು ತೀರಿಕೊಂಡ. ವೈದ್ಯರು ಕಾಲರಾ ಎಂದರು. ಯೇನಾದಲ್ಲಿ ಬರೆದ ಆ ಪುಸ್ತಕವನ್ನು ಎರಡನೇ ಮುದ್ರಣಕ್ಕಾಗಿ ಆಗಷ್ಟೇ ತಿದ್ದಲು ಕೂತಿದ್ದ. ಮುನ್ನುಡಿಯೂ ಮುಗಿದಿರಲಿಲ್ಲ.