ಆರ್ಬ್ವಾದ ದ್ರಾಕ್ಷಿತೋಟದಲ್ಲಿ ಪಾಶ್ಚರ್

ಹುಕ್ಕೇರಿಯ ನಮ್ಮ ಮನೆಯಲ್ಲಿ ಬೇಸಿಗೆಯ ಹಾಲು ಒಡೆದರೆ ಅಜ್ಜಿ ಗಡಿಗೆಯನ್ನು ಬೈಯುತ್ತಿದ್ದಳು. ಮೂಡಲಗಿಯಲ್ಲಿ ಓದುತ್ತಿದ್ದಾಗ ಹುಚ್ಚುನಾಯಿ ಕಚ್ಚಿ ನನ್ನ ಹೊಟ್ಟೆಗೆ 14 ಸೂಜಿಗಳು ಬಿದ್ದವು. ಈ ಎರಡಕ್ಕೂ ಲೂಯಿ ಪಾಶ್ಚರನ ನಂಟಿದೆಯೆಂದು ತಿಳಿದದ್ದು ಗೋಕಾಕದಲ್ಲಿ ಅಧ್ಯಾಪಕನಾದ ಮೇಲೆ, ಅವನ ಚರಿತ್ರೆಯನ್ನು ಓದಿದಾಗ.

ಅವನು ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಪೂರ್ವ ಫ್ರಾನ್ಸಿನ ದೋಲ್ ಎಂಬಲ್ಲಿ. ಬೆಳೆದದ್ದು ಜೂರಾ ಬೆಟ್ಟಗಳ ಮಗ್ಗುಲಿನ ಆರ್ಬ್ವಾ ಎಂಬ ಸಣ್ಣ ಊರಿನಲ್ಲಿ. ತಂದೆ ನೆಪೋಲಿಯನ್ನನ ಸೇನೆಯಲ್ಲಿದ್ದು ಬಂದವನು, ತೊಗಲು ಹದಮಾಡಿ ಜೀವಿಸುತ್ತಿದ್ದನು. ಬೋರ್ದೊ, ಬರ್ಗಂಡಿಗಳ ಹೆಸರು ಕೇಳಿದವರೂ ಈ ಸೀಮೆಯ ಮದ್ಯವನ್ನು ಅರಿಯರು. ಪುಲ್ಸಾರ್, ತ್ರುಸೊ ದ್ರಾಕ್ಷಿಗಳಿಂದ ಕೆಂಪು. ಸಾವಾನ್ಯಾಂ ದ್ರಾಕ್ಷಿಯಿಂದ ಬಿಳಿ. ಈ ಬಿಳಿಯದನ್ನು ಪೀಪಾಯಿಯಲ್ಲಿ, ಆರಿಹೋದಷ್ಟನ್ನು ತುಂಬದೆ, 6 ವರ್ಷಕ್ಕೂ ಹೆಚ್ಚು ಇಟ್ಟರೆ, ಮೇಲೆ ಕಿಣ್ವದ ತೆಳುಪರದೆ ಕಟ್ಟಿ ಅದು ಹಳದಿ ಮದ್ಯವಾಗುತ್ತದೆ. ಹೆಂಡ ಮುಟ್ಟದ ನಾನು ಇದನ್ನು ನಾಲಗೆಯ ಚಪಲದಿಂದ ಬರೆಯುತ್ತಿಲ್ಲ. ಪಾಶ್ಚರನ ವಿಜ್ಞಾನದ ದೊಡ್ಡ ಅಧ್ಯಾಯವೊಂದು ನಡೆದದ್ದು ಈ ಪೀಪಾಯಿಗಳ ನಡುವೆ.

1863ರಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್ ಮದ್ಯದ ರೋಗಗಳನ್ನು ಪರೀಕ್ಷಿಸಲು ಕೇಳಿದಾಗ ಅವನು ಸೂಕ್ಷ್ಮದರ್ಶಕ ಹಿಡಿದು ಬಾಲ್ಯದ ಊರಿಗೇ ಬಂದನು. ಹುಳಿತುದು, ಕಹಿಯಾದುದು, ಲೋಳೆಯಾದುದು, ಒಂದೊಂದರಲ್ಲಿಯೂ ಬೇರೆ ಬೇರೆ ಸೂಕ್ಷ್ಮಜೀವಿಗಳನ್ನು ಕಂಡನು. ಗಾಳಿ ತಾಗದಂತೆ 50–60 ಡಿಗ್ರಿಯವರೆಗೆ ಕಾಯಿಸಿದರೆ ಮದ್ಯ ಕೆಡದೆ ಉಳಿಯುವುದೆಂದು ತೋರಿಸಿದನು. ಹಾಲಿಗೆ ಈ ಕ್ರಮ ಬಂದದ್ದು ಅನಂತರ.

ನನ್ನ ಮನಸ್ಸು ನಿಲ್ಲುವುದು ಆ ವರ್ಷಗಳ ಮನೆಯೊಳಗಣ ಕಥೆಯಲ್ಲಿ. ಹಿರಿಯ ಮಗಳು ಜಾನ್ 1859ರಲ್ಲಿ ಆರ್ಬ್ವಾದಲ್ಲಿಯೇ ವಿಷಮಶೀತಜ್ವರದಿಂದ ತೀರಿಕೊಂಡಿದ್ದಳು. 1865ರಲ್ಲಿ ತಂದೆ ಹೋದನು. ಅದೇ ವರ್ಷ ಎರಡು ವರ್ಷದ ಕೂಸು ಕಾಮಿಯ್. ಮದ್ಯವನ್ನು ಕುರಿತ ಗ್ರಂಥ ಹೊರಬಂದ 1866ರಲ್ಲಿ ಹನ್ನೆರಡರ ಸೆಸಿಲ್, ಮತ್ತೆ ಅದೇ ಜ್ವರ. ಪೀಪಾಯಿಯ ರೋಗವನ್ನು ಕಣ್ಣಾರೆ ಕಂಡಿದ್ದ ತಂದೆಗೆ ಮಕ್ಕಳ ರೋಗ ಕಾಣಲಿಲ್ಲ. ಆ ಜ್ವರದ ಜೀವಾಣು ಗೋಚರವಾದದ್ದು 1880ರಲ್ಲಿ, ಎಬರ್ತ್ ಎಂಬ ಜರ್ಮನ್ ವೈದ್ಯನಿಗೆ. ಅಷ್ಟರೊಳಗೆ, 1868ರಲ್ಲಿ, ಪಾರ್ಶ್ವವಾಯು ಪಾಶ್ಚರನ ಎಡಮೈಯನ್ನು ಹಿಡಿದಿತ್ತು; ಅವನು ಕೆಲಸ ಬಿಡಲಿಲ್ಲ.

1831ರಲ್ಲಿ ಹುಚ್ಚುತೋಳ ಕಚ್ಚಿದವರ ಗಾಯಗಳನ್ನು ಆರ್ಬ್ವಾದ ಕುಲುಮೆಯಲ್ಲಿ ಕಾದ ಕಬ್ಬಿಣದಿಂದ ಸುಟ್ಟಿದ್ದರು. ಬಾಲಕ ಲೂಯಿ ಅದನ್ನು ಮರೆಯಲಿಲ್ಲ. 1885ರ ಜುಲೈ 6ರಂದು ಒಂಬತ್ತು ವರ್ಷದ ಜೋಸೆಫ್ ಮೈಸ್ಟರನಿಗೆ ಮೊದಲ ಚುಚ್ಚುಮದ್ದು ಬಿದ್ದಿತು. ಅಕ್ಟೋಬರಿನಲ್ಲಿ ಜೂರಾ ಸೀಮೆಯಿಂದಲೇ ಬಂದವನು ಜುಪಿಯ್ ಎಂಬ ಕುರಿ ಕಾಯುವ ಹುಡುಗ. ಇಬ್ಬರೂ ಬದುಕಿದರು.

1874ರಲ್ಲಿ ಪಾಶ್ಚರನು ಆರ್ಬ್ವಾದ ಬಳಿ ಒಂದು ದ್ರಾಕ್ಷಿತೋಟವನ್ನು ಕೊಂಡಿದ್ದನು. ತೀರಿಕೊಂಡದ್ದು 1895ರ ಸೆಪ್ಟೆಂಬರ್ 28ರಂದು, ಪ್ಯಾರಿಸ್ಸಿನ ಸಮೀಪದಲ್ಲಿ. ಮೈಸ್ಟರನಿಗೆ ಒಟ್ಟು 13 ಸೂಜಿಗಳು ಬಿದ್ದವಂತೆ. ನನ್ನದಕ್ಕಿಂತ ಒಂದು ಕಡಿಮೆ.