ದೀಪಧಾರಿಣಿ ಫ್ಲಾರೆನ್ಸ್ ನೈಟಿಂಗೇಲ್

ಯುದ್ಧಗಳಿಂದ ಹೆಸರು ಪಡೆದವರಲ್ಲಿ ಎರಡು ಬಗೆ. ದಂಡು ನಡೆಸಿ, ಕೋಟೆಗಳನ್ನು ಗೆದ್ದು ಹೆಸರಾದವರು ಹಲವರು. ಆ ಯುದ್ಧಗಳಲ್ಲಿ ಬಿದ್ದವರನ್ನು ಎತ್ತಿ, ಗಾಯ ತೊಳೆದು, ಬಾಯಿಗೆ ಗಂಜಿ ಎರೆದು ಹೆಸರಾದವರು ಕೆಲವರೇ. ಈ ಎರಡನೆಯ ಬಗೆಯವರಲ್ಲಿ ಅಗ್ರಸ್ಥಾನ ಫ್ಲಾರೆನ್ಸ್ ನೈಟಿಂಗೇಲಳದು. ಇಂದಿಗೂ ನಮ್ಮ ನಾಡಿನ ದಾದಿಯರ ಶಾಲೆಗಳಲ್ಲಿ ಹೊಸ ವಿದ್ಯಾರ್ಥಿಗಳು ದೀಪ ಹಿಡಿದು ಪ್ರತಿಜ್ಞೆ ಕೈಗೊಳ್ಳುತ್ತಾರೆ. ಆ ದೀಪ ಈಕೆಯ ನೆನಪಿನದು. ಪ್ರತಿಜ್ಞೆಗೂ ಈಕೆಯ ಹೆಸರೇ. ಆದರೆ ದೀಪದ ಚಿತ್ರ ಅತಿ ಪ್ರಸಿದ್ಧವಾದುದರಿಂದ, ಅದನ್ನು ಹಿಡಿದವಳು ಕಲಿತ ಮುಖ್ಯ ಪಾಠ ಅದರ ಮರೆಗೆ ಸರಿದಿದೆ. ಆ ಪಾಠವನ್ನು ನೆನೆಯುವುದಕ್ಕಾಗಿಯೇ ಆಕೆಯ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳಿದೆ.

ಫ್ಲಾರೆನ್ಸಳು ಹುಟ್ಟಿದುದು 1820ನೆಯ ಇಸವಿ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರೇ ಮಗುವಿನ ಹೆಸರಾಯಿತು. ತಂದೆ ವಿಲಿಯಂ ನೈಟಿಂಗೇಲ್ ಇಂಗ್ಲೆಂಡಿನ ದೊಡ್ಡ ಆಸ್ತಿವಂತ. ಡರ್ಬಿಶೈರಿನಲ್ಲಿ ಒಂದು ಬಂಗಲೆ, ಹ್ಯಾಂಪ್‌ಶೈರಿನಲ್ಲಿ ಇನ್ನೊಂದು. ವಿದ್ಯಾವಂತನಾದ ಆತ ತನ್ನ ಇಬ್ಬರು ಹೆಣ್ಣುಮಕ್ಕಳಿಗೂ ಗ್ರೀಕ್, ಲ್ಯಾಟಿನ್, ಇತಿಹಾಸ, ತತ್ತ್ವಶಾಸ್ತ್ರಗಳನ್ನು ತಾನೇ ಕೂತು ಕಲಿಸಿದ. ಹೆಣ್ಣುಮಕ್ಕಳಿಗೆ ಹೊಲಿಗೆ, ಸಂಗೀತ ಸಾಕೆನ್ನುತ್ತಿದ್ದ ಕಾಲದಲ್ಲಿ ಇದು ಅಪೂರ್ವವೇ ಸರಿ. ಕಿರಿಯಳಾದ ಫ್ಲಾರೆನ್ಸಳಿಗೆ ಗಣಿತವೆಂದರೆ ಪ್ರಾಣ. ಈ ಗಣಿತದ ಹುಚ್ಚು ಮುಂದೆ ಎಷ್ಟು ಜೀವಗಳನ್ನು ಉಳಿಸಲಿದೆಯೆಂದು ಆಗ ಯಾರೂ ಊಹಿಸಿರಲಾರರು.

ದೇವರು ತನ್ನನ್ನು ಯಾವುದೋ ಸೇವೆಗೆ ಕರೆದನೆಂಬ ದೃಢವಾದ ಅನುಭವ ಆಕೆಗೆ 1837ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ ಆಯಿತು. ಆ ಸೇವೆ ರೋಗಿಗಳ ಆರೈಕೆಯೇ ಎಂದು ತಿಳಿಯಲು ಕೆಲವು ವರ್ಷ ಹಿಡಿಯಿತು. 1845ರಲ್ಲಿ, ಹತ್ತಿರದ ಸಾಲ್ಸ್‌ಬರಿ ಆಸ್ಪತ್ರೆಯಲ್ಲಿ ಕೆಲಸ ಕಲಿಯುವೆನೆಂದು ಆಕೆ ಹೇಳಿದಾಗ ಮನೆಯಲ್ಲಿ ಕೋಲಾಹಲವೇ ಎದ್ದಿತು. ಅದಕ್ಕೆ ಕಾರಣವೂ ಇದ್ದಿತು. ಅಂದಿನ ಆಸ್ಪತ್ರೆಗಳು ದುರ್ನಾತದ ಗೂಡುಗಳು. ದಾದಿಯ ಕೆಲಸಕ್ಕೆ ತರಬೇತಿಯೆಂಬುದೇ ಇರಲಿಲ್ಲ. ದಾದಿಯರೆಂದರೆ ಬೇರೆ ಗತಿಯಿಲ್ಲದವರು, ಕುಡಿಯುವವರು ಎಂಬ ಅಪಖ್ಯಾತಿ ಹಬ್ಬಿತ್ತು. ಸಿರಿವಂತರ ಮನೆಯ ಮಗಳು ಅಲ್ಲಿಗೆ ಹೋಗುವುದೆಂದರೆ ಮಾನ ಹೋದಂತೆಯೇ. ತಾಯಿಯೂ ಅಕ್ಕನೂ ಬಲವಾಗಿ ವಿರೋಧಿಸಿದರು, ಮಾತು ಅಲ್ಲಿಗೇ ನಿಂತಿತು. ಫ್ಲಾರೆನ್ಸಳು ಎದುರು ವಾದಿಸಲಿಲ್ಲ. ಬೆಳಗಿನ ಜಾವದಲ್ಲಿ ಎದ್ದು ಮೋಂಬತ್ತಿಯ ಬೆಳಕಿನಲ್ಲಿ ಆಸ್ಪತ್ರೆಗಳ ವರದಿಗಳನ್ನು ಓದಿ ಟಿಪ್ಪಣಿ ಮಾಡಿಕೊಂಡಳು. ವರ್ಷಗಟ್ಟಲೆ ಕಾದಿದ್ದ ಸಜ್ಜನನೊಬ್ಬನ ವಿವಾಹದ ಬೇಡಿಕೆಯನ್ನೂ ನಿರಾಕರಿಸಿದಳು.

ಕೊನೆಗೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿನ ಕ್ರೈಸ್ತ ಸೇವಾಸಂಸ್ಥೆಯಲ್ಲಿ ಮೂರು ತಿಂಗಳು ನಿಂತು ಕಲಿಯುವ ಅವಕಾಶ ದೊರೆಯಿತು. 1853ರಲ್ಲಿ ಲಂಡನ್ನಿನ ಹಾರ್ಲಿ ಬೀದಿಯ ಒಂದು ಸಣ್ಣ ಆಸ್ಪತ್ರೆಯ ಮೇಲ್ವಿಚಾರಣೆ ಆಕೆಯ ಕೈಗೆ ಬಂದಿತು. ಅಲ್ಲಿ ಆಕೆ ಮೊದಲು ಕೇಳಿದುದು ಮದ್ದನ್ನಲ್ಲ. ಪ್ರತಿ ಮಹಡಿಗೂ ಕೊಳವೆಯಲ್ಲಿ ಬಿಸಿನೀರು ಬರಬೇಕು, ಊಟದ ತಟ್ಟೆಗಳನ್ನು ಮೇಲಕ್ಕೆ ಏರಿಸಲು ಒಂದು ಯಂತ್ರ ಬೇಕು, ಯಾವ ರೋಗಿ ಕರೆದನೆಂದು ದಾದಿಗೆ ತಿಳಿಯುವಂತಹ ಗಂಟೆಗಳು ಬೇಕು ಎಂದು ಕೇಳಿದಳು. ಮೆಟ್ಟಿಲು ಹತ್ತಿ ಇಳಿಯುವುದರಲ್ಲಿಯೇ ದಾದಿಯ ಶಕ್ತಿ ಮುಗಿದುಹೋದರೆ ರೋಗಿಗೆ ಉಳಿಯುವುದೇನು?

ಅಷ್ಟರಲ್ಲಿ ಕ್ರಿಮಿಯಾದ ಯುದ್ಧ ಬಂದಿತು. ತುರ್ಕಿಯ ಪಕ್ಷ ವಹಿಸಿ ಇಂಗ್ಲೆಂಡು, ಫ್ರಾನ್ಸುಗಳು 1854ರಲ್ಲಿ ರಷ್ಯದ ಮೇಲೆ ನಿಂತವು. ಗಾಯಗೊಂಡ ಇಂಗ್ಲಿಷ್ ಸಿಪಾಯಿಗಳನ್ನು ಹಡಗುಗಳಲ್ಲಿ ತುಂಬಿ, ಕಪ್ಪು ಸಮುದ್ರ ದಾಟಿಸಿ, ಕಾನ್‌ಸ್ಟಾಂಟಿನೋಪಲ್ ನಗರದ ಎದುರು ದಡದ ಸ್ಕುಟಾರಿಯಲ್ಲಿ ಇಳಿಸುತ್ತಿದ್ದರು. ಅಲ್ಲಿ ಹಾಸಿಗೆಯಿಲ್ಲ, ಬಟ್ಟೆಯಿಲ್ಲ, ಕಟ್ಟು ಕಟ್ಟುವವರಿಲ್ಲ ಎಂಬ ಸಂಗತಿ ಪತ್ರಿಕೆಗಳಿಂದ ತಿಳಿದಾಗ ಇಂಗ್ಲೆಂಡಿನ ಜನ ಸಿಡಿದೆದ್ದರು. ಯುದ್ಧಖಾತೆಯ ಮಂತ್ರಿ ಸಿಡ್ನಿ ಹರ್ಬರ್ಟ್ ನೈಟಿಂಗೇಲಳ ಸ್ನೇಹಿತ. ಹೋಗಬಲ್ಲೆಯಾ ಎಂದು ಕೇಳಿ ಆತ ಬರೆದ ಪತ್ರವೂ, ಹೋಗುತ್ತೇನೆಂದು ಈಕೆ ಬರೆದ ಪತ್ರವೂ ದಾರಿಯಲ್ಲಿ ಒಂದನ್ನೊಂದು ಹಾದುಹೋದವು. ಅಕ್ಟೋಬರ್ 21ರಂದು 38 ಜನ ದಾದಿಯರೊಡನೆ ಹೊರಟು ನವೆಂಬರ್ 4ರಂದು ಸ್ಕುಟಾರಿ ತಲಪಿದಳು. ಮರುದಿನವೇ ಇಂಕರ್ಮನ್ ಕಾಳಗ ನಡೆಯಿತು. ಗಾಯಾಳುಗಳ ಪ್ರವಾಹವೇ ಹರಿದುಬಂದಿತು.

ಆಸ್ಪತ್ರೆಯೆಂದರೆ ತುರ್ಕಿಯವರ ಒಂದು ಹಳೆಯ ದಂಡಿನ ಠಾಣ್ಯ. ಅದರ ಉದ್ದುದ್ದದ ಮೊಗಸಾಲೆಗಳಲ್ಲಿ ನೆಲದ ಮೇಲೆಯೇ ಸಾಲಾಗಿ ರೋಗಿಗಳು. ಇಲಿ, ಹೇನುಗಳ ಕಾಟ ಹೇಳತೀರದು. ಸೈನ್ಯದ ವೈದ್ಯರಿಗೆ ಈ ಹೆಂಗಸರ ಬರವು ಹಿಡಿಸಲಿಲ್ಲ. ನೈಟಿಂಗೇಲಳು ದಾರಿ ಬಿಡಿರೆಂದು ನುಗ್ಗಲಿಲ್ಲ. ವೈದ್ಯರು ಕರೆಯುವವರೆಗೆ ಯಾವ ದಾದಿಯೂ ರೋಗಿಯನ್ನು ಮುಟ್ಟಕೂಡದೆಂದು ಕಟ್ಟುಮಾಡಿ, ಹಳೆಯ ಬಟ್ಟೆ ಹರಿದು ಗಾಯದ ಪಟ್ಟಿಗಳನ್ನು ಸಿದ್ಧಪಡಿಸುತ್ತ ಕಾದಳು. ಗಾಯಾಳುಗಳ ಸಂಖ್ಯೆ ಕೈಮೀರಿದಾಗ ವೈದ್ಯರೇ ಕರೆದರು. ಅಂದಿನಿಂದ ಆಕೆಗೆ ಬಿಡುವೆಂಬುದಿಲ್ಲ. ನೆಲ ತಿಕ್ಕುವ ಬ್ರಷ್ಷುಗಳನ್ನು ತರಿಸಿದಳು; ಒಂದು ಮನೆ ಹಿಡಿದು ಹಂಡೆಗಳನ್ನು ಹೂಡಿ, ಸಿಪಾಯಿಗಳ ಹೆಂಡಿರಿಂದ ಬಟ್ಟೆ ಒಗೆಸಿದಳು; ಪಥ್ಯದ ಅಡಿಗೆಗೆ ಬೇರೆ ಒಲೆ ಹೂಡಿಸಿದಳು. ಕಾಗದಪತ್ರದ ನೆಪ ಹೇಳಿ ಸರಕಾರದ ಉಗ್ರಾಣ ಬಾಗಿಲು ತೆರೆಯದೆ ಹೋದಾಗ ತನ್ನಲ್ಲಿದ್ದ ಹಣದಿಂದಲೂ ಸಾರ್ವಜನಿಕರು ಕಳಿಸಿದ ಹಣದಿಂದಲೂ ಸಾಮಾನು ಕೊಂಡಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದು ಕಂದೀಲು ಹಿಡಿದು ರೋಗಿಗಳ ಸಾಲುಗಳ ನಡುವೆ ಸುತ್ತಿ ಬರುತ್ತಿದ್ದಳು. ಸಾಯುವವರ ಪತ್ರಗಳನ್ನು ಬರೆದುಕೊಟ್ಟಳು. ಈ ಚಿತ್ರವೇ ಇಂಗ್ಲೆಂಡಿನ ಮನೆಮನೆಗೂ ತಲಪಿತು.

ಆದರೆ ದೀಪದ ಬುಡದಲ್ಲಿ ಕತ್ತಲೆ ಎನ್ನುವುದಿಲ್ಲವೇ? ಇಲ್ಲಿ ಆ ಮಾತು ಅಕ್ಷರಶಃ ನಿಜವಾಗಿತ್ತು. ಇಷ್ಟೆಲ್ಲ ಶ್ರಮ ನಡೆದರೂ ಆ ಚಳಿಗಾಲದಲ್ಲಿ ಸಾವು ಇಳಿಯಲಿಲ್ಲ, ಏರಿತು. 1855ರ ಫೆಬ್ರವರಿಯಲ್ಲಿ ನೂರು ರೋಗಿಗಳಲ್ಲಿ 42 ಮಂದಿ ಸತ್ತರೆಂದು ಲೆಕ್ಕ. ಸತ್ತವರಲ್ಲಿ ಹೆಚ್ಚಿನವರು ಗುಂಡಿನ ಏಟಿನಿಂದ ಸತ್ತವರಲ್ಲ. ಜ್ವರ, ಕಾಲರಾ, ಆಮಶಂಕೆಗಳಿಂದ ಸತ್ತವರು. ಮಾರ್ಚ್ ತಿಂಗಳಲ್ಲಿ ಸರಕಾರ ಕಳಿಸಿದ ನೈರ್ಮಲ್ಯ ಮಂಡಲಿ ಬಂದು ನೆಲ ಅಗೆಸಿ ನೋಡಿತು. ಇಡೀ ಕಟ್ಟಡ ಕಟ್ಟಿಕೊಂಡ ಚರಂಡಿಗಳ ಮೇಲೆ ನಿಂತಿತ್ತು. ಕುಡಿಯುವ ನೀರಿನ ಕಾಲುವೆಯಲ್ಲಿ ಸತ್ತ ಕುದುರೆ ಕೊಳೆಯುತ್ತಿತ್ತು. ಚರಂಡಿಗಳನ್ನು ತೊಳೆಸಿದರು, ಗೋಡೆಗೆ ಸುಣ್ಣ ಬಳಿಸಿದರು, ಗಾಳಿಗೆ ದಾರಿ ಮಾಡಿದರು. ಜೂನ್ ಹೊತ್ತಿಗೆ ಸಾವು ನೂರಕ್ಕೆ 2ಕ್ಕೆ ಇಳಿಯಿತು.

1856ರಲ್ಲಿ ಯುದ್ಧ ಮುಗಿದು ಆಕೆ ಹಿಂದಿರುಗಿದಾಗ ದೇಶವೆಲ್ಲ ಮೆರವಣಿಗೆಗೆ ಸಿದ್ಧವಾಗಿತ್ತು. ಆಕೆ ಬೇರೆ ಹೆಸರಿನಲ್ಲಿ ಪ್ರಯಾಣ ಮಾಡಿ, ರೈಲು ನಿಲ್ದಾಣದಿಂದ ಒಬ್ಬಳೇ ನಡೆದು ಮನೆ ಸೇರಿದಳು. ಕ್ರಿಮಿಯಾದಲ್ಲಿ ಅಂಟಿದ ಜ್ವರ ದೇಹವನ್ನು ಜರ್ಜರಗೊಳಿಸಿತ್ತು. ಮನಸ್ಸಿನಲ್ಲಿ ಸತ್ತವರ ನೆನಪು ಕೊರೆಯುತ್ತಿತ್ತು. ಕೀರ್ತಿಯ ನೆರಳಿನಲ್ಲಿ ಸುಖವಾಗಿ ಕೂರಬಹುದಾಗಿದ್ದ ಆಕೆ, ವಿಲಿಯಂ ಫಾರ್ ಎಂಬ ಸಂಖ್ಯಾಶಾಸ್ತ್ರಜ್ಞನೊಡನೆ ಸತ್ತವರ ಲೆಕ್ಕ ಬಿಡಿಸಲು ಕುಳಿತಳು. ರೋಗಿಗಳನ್ನು ತಡವಾಗಿ ತಂದುದರಿಂದ, ಅನ್ನ ಬಟ್ಟೆಗಳ ಕೊರತೆಯಿಂದ ಅಷ್ಟು ಜನ ಸತ್ತರೆಂದು ಆಕೆ ಮೊದಲು ಭಾವಿಸಿದ್ದಳು. ಅಂಕಿಗಳು ಬೇರೆಯದನ್ನೇ ಹೇಳಿದವು: ಎಲ್ಲಕ್ಕಿಂತ ದೊಡ್ಡ ಕೊಲೆಗಾರ ಆಸ್ಪತ್ರೆಯ ಕೊಳಕೇ. ತಾನು ನಡೆಸಿದ ಆಸ್ಪತ್ರೆಯ ಸಾವುಗಳನ್ನು ಮುಚ್ಚಿಡದೆ, ಬಣ್ಣದ ಚಿತ್ರಗಳನ್ನಾಗಿ ಬರೆಯಿಸಿ 1858ರಲ್ಲಿ ಅಚ್ಚು ಹಾಕಿಸಿದಳು. ಹೂವಿನ ದಳಗಳಂತೆ ಹರಡಿದ ಆ ಚಿತ್ರದಲ್ಲಿ ತಿಂಗಳಿಗೊಂದು ದಳ. ಗಾಯದಿಂದ ಸತ್ತವರದು ಸಣ್ಣ ಪಾಲು, ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರದು ದೊಡ್ಡ ಪಾಲು. ಓದಲು ಬೇಸರಪಡುವ ಮಂತ್ರಿಗೂ ಒಂದೇ ನೋಟಕ್ಕೆ ಅರ್ಥವಾಗಬೇಕೆಂಬುದು ಆಕೆಯ ಉದ್ದೇಶ. ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಆಕೆಯನ್ನು ತನ್ನ ಮೊದಲ ಮಹಿಳಾ ಸದಸ್ಯೆಯನ್ನಾಗಿ ಆರಿಸಿತು.

ಹೀಗೆ ಕಲಿತ ಪಾಠವನ್ನೇ ಆಕೆ 1859ರಲ್ಲಿ ಶುಶ್ರೂಷೆಯನ್ನು ಕುರಿತ ಒಂದು ಚಿಕ್ಕ ಪುಸ್ತಕವಾಗಿ ಬರೆದಳು. ಅದು ಪಂಡಿತರಿಗಲ್ಲ, ಮನೆಯಲ್ಲಿ ಮಗುವಿಗೋ ಮುದುಕರಿಗೋ ಆರೈಕೆ ಮಾಡುವ ಪ್ರತಿಯೊಬ್ಬ ಹೆಂಗಸಿಗೂ ಬರೆದುದು. ಗುಣಪಡಿಸುವುದು ಪ್ರಕೃತಿಯ ಕೆಲಸ. ಅದಕ್ಕೆ ಅಡ್ಡ ಬರುವುದನ್ನೆಲ್ಲ ತೆಗೆದುಹಾಕುವುದು ದಾದಿಯ ಕೆಲಸ ಎಂಬುದು ಅದರ ಸಾರ. ಮನೆಗೆ ಶುದ್ಧ ಗಾಳಿ, ಶುದ್ಧ ನೀರು, ಒಳ್ಳೆಯ ಚರಂಡಿ, ಶುಚಿ, ಬೆಳಕು ಎಂಬ ಐದು ಬೇಕು. ಕೋಣೆಯ ಗಾಳಿ ಹೊರಗಿನ ಗಾಳಿಯಷ್ಟೇ ನಿರ್ಮಲವಾಗಿರಬೇಕು, ಆದರೆ ರೋಗಿಗೆ ಚಳಿ ಹಿಡಿಯಬಾರದು. ಒಣ ಬಟ್ಟೆಯಿಂದ ಧೂಳು ಝಾಡಿಸಿದರೆ ಧೂಳು ಜಾಗ ಬದಲಿಸುತ್ತದೆಯೇ ಹೊರತು ಹೋಗುವುದಿಲ್ಲ, ಒದ್ದೆಬಟ್ಟೆಯಲ್ಲಿ ಒರೆಸಬೇಕು. ದಾದಿ ಪದೇ ಪದೇ ಕೈ ತೊಳೆಯಬೇಕು.

ಇವು ದೇಹಕ್ಕೆ ಸಂಬಂಧಿಸಿದವು. ಮನಸ್ಸನ್ನು ಕುರಿತು ಹೇಳಿದವು ಇನ್ನೂ ಸೂಕ್ಷ್ಮ. ರೋಗಿಯ ಮೊದಲ ನಿದ್ದೆ ಕೆಡಿಸಬಾರದು. ಬಾಗಿಲ ಹೊರಗೆ ನಿಂತು ಪಿಸುಗುಟ್ಟಬಾರದು. ಅರ್ಧ ಕೇಳಿದ ಮಾತು ರೋಗಿಯನ್ನು ಹಿಂಸಿಸುತ್ತದೆ. ಬೆನ್ನ ಹಿಂದೆ ನಿಂತು ಮಾತನಾಡಿಸದೆ, ಕತ್ತು ತಿರುಗಿಸುವ ಶ್ರಮವಿಲ್ಲದಂತೆ ಎದುರಿಗೆ ಕೂತು ಮಾತನಾಡಬೇಕು. ತಿನ್ನದೆ ಬಿಟ್ಟ ಊಟವನ್ನು ಮಗ್ಗುಲಲ್ಲೇ ಇಟ್ಟು ಹೋಗಬಾರದು. ನೋಡಲು ಬಂದವರು ಏನೂ ಇಲ್ಲ, ನಾಳೆಯೇ ಎದ್ದು ಓಡಾಡುತ್ತೀರಿ ಎಂದು ಹುಸಿ ಧೈರ್ಯ ತುಂಬಬಾರದು. ನಾನು ಇರುವಾಗ ನಡೆಯುವ ಆರೈಕೆ ನಾನು ಇಲ್ಲದಾಗಲೂ ನಡೆಯುವಂತೆ ಏರ್ಪಾಡು ಮಾಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಕಣ್ಣಿಟ್ಟು ನೋಡಬೇಕು. ರೋಗಿ ಎಷ್ಟು ತಿಂದ, ಎಷ್ಟು ಹೊತ್ತು ಮಲಗಿದ ಎಂಬುದನ್ನು ಊಹಿಸಿ ಹೇಳದೆ ಕಂಡು ಹೇಳಬೇಕು. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಂಡ ಯಾರಿಗಾದರೂ ಈ ಮಾತುಗಳ ಬೆಲೆ ತಿಳಿದೀತು.

ಕೃತಜ್ಞರಾದ ಜನ ಕೂಡಿಸಿಕೊಟ್ಟ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ತೆರೆಯಿತು. ಅಲ್ಲಿ ಕಲಿತವರು ಬೇರೆ ಊರುಗಳಿಗೂ ಬೇರೆ ಖಂಡಗಳಿಗೂ ಹೋಗಿ ಅದೇ ಕ್ರಮವನ್ನು ಹಬ್ಬಿಸಿದರು. 1865ರಲ್ಲಿ ಅಗ್ನಿಸ್ ಜೋನ್ಸ್ ಎಂಬ ಶಿಷ್ಯೆ ಲಿವರ್‌ಪೂಲಿನ ನಿರ್ಗತಿಕರ ಆಸ್ಪತ್ರೆಗೆ ಹೋದಳು. ಬಡವನಿಗೂ ಕಲಿತ ದಾದಿಯ ಆರೈಕೆ ದೊರೆಯುವಂತೆ ಮಾಡಿ, ಮೂರು ವರ್ಷಗಳಲ್ಲಿ ಅಲ್ಲಿಯೇ ಟೈಫಸ್ ಜ್ವರಕ್ಕೆ ಬಲಿಯಾದಳು. ಗತಿಯಿಲ್ಲದವರ ಕೂಲಿ ಎನಿಸಿಕೊಂಡಿದ್ದ ಕೆಲಸ ಗೌರವದ ವೃತ್ತಿಯಾದುದು ಇಂಥವರಿಂದ.

ನಮ್ಮ ದೇಶಕ್ಕೂ ಆಕೆಗೂ ನಂಟಿದೆ. ಆಕೆ ಭಾರತಕ್ಕೆ ಎಂದೂ ಬರಲಿಲ್ಲ. ಆದರೆ ಇಲ್ಲಿನ ದಂಡಿನ ಠಾಣ್ಯಗಳಿಗೆಲ್ಲ ಪ್ರಶ್ನಾವಳಿ ಕಳಿಸಿ, ಬಂದ ಉತ್ತರಗಳ ರಾಶಿಯನ್ನು ಮಲಗಿದಲ್ಲಿಯೇ ಓದಿದಳು. ಇಲ್ಲಿನ ಬ್ರಿಟಿಷ್ ಸಿಪಾಯಿಗಳಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು 1863ರ ವರದಿ ತೋರಿಸಿತು. ಹತ್ತು ವರ್ಷಗಳ ಸುಧಾರಣೆಯ ಬಳಿಕ ಅದು 18ಕ್ಕೆ ಇಳಿಯಿತು. ಸಿಪಾಯಿಗಳ ಚಿಂತೆಯಿಂದ ಹೊರಟ ಆಕೆಯ ಗಮನ ಮುಂದೆ ನಮ್ಮ ಹಳ್ಳಿಗಳ ನೀರು, ನೀರಾವರಿ, ಬರಗಾಲ, ರೈತನ ಕಷ್ಟಗಳ ಕಡೆಗೂ ತಿರುಗಿತು.

ಆಕೆ ದೋಷವಿಲ್ಲದವಳೆಂದು ಹೇಳಲಾಗದು. ರೋಗಾಣುಗಳ ಸಿದ್ಧಾಂತವನ್ನು ಬಹುಕಾಲ ನಂಬಲಿಲ್ಲ. ದಾದಿಯರನ್ನು ಪರೀಕ್ಷೆ ಮಾಡಿ ಪಟ್ಟಿಯಲ್ಲಿ ನೋಂದಾಯಿಸುವ ಚಳವಳಿಯನ್ನು ವಿರೋಧಿಸಿದಳು. ಜೊತೆಯವರಿಂದ ಮಿತಿಮೀರಿ ದುಡಿಸಿದಳೆಂಬ ಆಕ್ಷೇಪಣೆಯೂ ಉಂಟು. ಆದರೆ ಅರ್ಧ ಶತಮಾನ ಬಹುಪಾಲು ಕೋಣೆಯೊಳಗೇ ಉಳಿದು, ತನ್ನ ದೇಹವನ್ನು ಆಕೆ ಅದಕ್ಕಿಂತ ಹೆಚ್ಚಾಗಿ ದುಡಿಸಿದಳು. ಮುಪ್ಪಿನಲ್ಲಿ ಕಣ್ಣು ಹೋಯಿತು. 1907ರಲ್ಲಿ ಬ್ರಿಟಿಷ್ ದೊರೆಯ ಆರ್ಡರ್ ಆಫ್ ಮೆರಿಟ್ ಗೌರವ ಮೊದಲ ಬಾರಿಗೆ ಒಬ್ಬ ಮಹಿಳೆಗೆ ಸಂದುದು ಈಕೆಗೇ. 1910ರ ಆಗಸ್ಟ್ 13ರಂದು, ತೊಂಬತ್ತು ತುಂಬಿದ ಮೇಲೆ, ಲಂಡನ್ನಿನಲ್ಲಿ ತೀರಿಕೊಂಡಳು. ರಾಜರು ಮಲಗಿರುವ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಸಮಾಧಿ ಮಾಡಲು ಬಂದ ಸೂಚನೆಯನ್ನು ಬಂಧುಗಳು ಒಪ್ಪದೆ, ಹಳ್ಳಿಯ ಚರ್ಚಿನ ಅಂಗಳದಲ್ಲಿ ಆಕೆಯನ್ನು ಮಣ್ಣು ಮಾಡಿದರು. ಕಲ್ಲಿನ ಮೇಲೆ ಆಕೆಯ ಹೆಸರಿನ ಎರಡು ಅಕ್ಷರ, ಹುಟ್ಟಿದ, ಸತ್ತ ದಿನಗಳು, ಅಷ್ಟೇ.

ಕರುಣೆಯೊಂದೇ ಇದ್ದಿದ್ದರೆ ಆಕೆ ಸಾಯುವವರ ಕೈ ಹಿಡಿದು ಕೂರುತ್ತಿದ್ದಳು. ಲೆಕ್ಕವೊಂದೇ ಇದ್ದಿದ್ದರೆ ಕಚೇರಿಯಲ್ಲಿ ಕೂತು ವರದಿ ಬರೆಯುತ್ತಿದ್ದಳು. ಎರಡೂ ಒಬ್ಬಳಲ್ಲೇ ಕೂಡಿದುದರಿಂದ ಸಾವಿರಾರು ಮಂದಿ ಬದುಕಿದರು. ಕಾಲೇಜಿನಲ್ಲಿ ಕಲಿಯುವ ನಮಗೆ ಇದರಲ್ಲಿ ಒಂದು ಎಚ್ಚರಿಕೆಯುಂಟು. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೆಲ್ಲ ಒಳ್ಳೆಯದೇ ಆಗಿರುತ್ತದೆಂದು ನಂಬಿ ಕೂರಬಾರದು. ಅದರಿಂದ ಆದುದೇನೆಂದು ಎಣಿಸಿ ನೋಡುವ ಧೈರ್ಯ ಬೇಕು. ಆ ಧೈರ್ಯವಿದ್ದುದರಿಂದಲೇ ನೈಟಿಂಗೇಲಳ ಕೈಯ ದೀಪ ಇನ್ನೂ ಆರಿಲ್ಲ.